ಮೆಕ್ಕೆಜೋಳವು ಊರೊಳಕ್ಕೆ ಬಂದ ಬಗೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ತಾಲ್ಲೂಕುಗಳು ಈಗ ದಾವಣಗೆರೆ ಜಿಲ್ಲೆಗೆ ಸೇರಿರುತ್ತವೆ. ೧೯೯೭ರಲ್ಲಿ ಈ ಜಿಲ್ಲೆಯು ಏರ್ಪಡುವುದಕ್ಕೆ ಮುಂಚೆ ಚನ್ನಗಿರಿಯೂ ಹೊನ್ನಾಳಿಯೂ ಶಿವಮೊಗ್ಗಕ್ಕೆ ಸೇರಿದ್ದವು. ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದಿತು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ೨೦೧೮ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ನೆಲ ನೀರುಗಳ ವಿಷಯದಲ್ಲಿ ಇವು ಒಂದರಂತೆ ಒಂದಿಲ್ಲ. ಚನ್ನಗಿರಿಗೆ ಶಾಂತಿಸಾಗರವೆಂಬ ಸೂಳೆಕೆರೆಯ ಮತ್ತು ಭದ್ರಾ ನಾಲೆಯ ಆಶ್ರಯವುಂಟು. ಹೊನ್ನಾಳಿಯು ತುಂಗಭದ್ರೆಯ ದಡದಲ್ಲಿದೆ. ನ್ಯಾಮತಿಯು ಮಲೆನಾಡಿನ ಸೆರಗಿಗೆ ಹತ್ತಿರವಾದದ್ದು. ಜಗಳೂರಿನ ಒಕ್ಕಲಿಗನಾದರೋ ಬಹುಮಟ್ಟಿಗೆ ಆಕಾಶವನ್ನೇ ನಂಬಿ ಬಿತ್ತತಕ್ಕವನು. ಹೀಗಿದ್ದಾಗ್ಯೂ ಮುಂಗಾರಿನ ಬಿತ್ತನೆಯು ಮುಗಿದು ಪೈರು ಎದೆಯುದ್ದ ಎದ್ದು ನಿಂತಿರುವಾಗ ಈ ಸೀಮೆಯ ಖುಷ್ಕಿ ಹೊಲಗಳನ್ನು ನೋಡುತ್ತ ಹೋದವರ ಕಣ್ಣಿಗೆ ನಾಲ್ಕು ಕಡೆಯಲ್ಲಿಯೂ ಒಂದೇ ಪೈರು ಎದ್ದು ಕಾಣುತ್ತದೆ. ಮೈಸೂರಿನ ಕಡೆಯವರು ಮುಸುಕಿನ ಜೋಳವೆಂತಲೂ ಧಾರವಾಡದ ಕಡೆಯವರು ಗೋವಿನಜೋಳವೆಂತಲೂ ಕರೆಯುವ ಮೆಕ್ಕೆಜೋಳವೇ ಅದು.

ಈಗಿನ ಯಜಮಾನರ ತಂದೆ ತಾತಂದಿರ ಕಾಲದಲ್ಲಿ ಇದೇ ಹೊಲಗಳಲ್ಲಿ ಬಿಳಿಜೋಳ, ರಾಗಿ, ನವಣೆ, ಸಾವೆ, ಹತ್ತಿ, ಕಡಲೆಕಾಯಿಗಳು ಬೆಳೆಯುತ್ತಿದ್ದವು. ಮೆಕ್ಕೆಜೋಳವನ್ನೇ ಬಿತ್ತತಕ್ಕದ್ದೆಂದು ಯಾವ ಸರ್ಕಾರವೂ ಆಜ್ಞೆ ಮಾಡಲಿಲ್ಲ. ಆದರೂ ಒಂದು ತಲೆಮಾರಿನೊಳಗೆ ನೆಲದ ಬಣ್ಣವೇ ಬದಲಾಯಿತು. ಇದು ಹೇಗಾಯಿತು, ಇದರಿಂದ ಊರಿನ ನಡೆವಳಿಕೆಯಲ್ಲಿ ಏನೇನು ಮಾರ್ಪಟ್ಟಿತು, ಒಕ್ಕಲಿಗರು ಇದನ್ನು ಯಾರಿಂದ ಕಲಿತರು ಎಂಬುದನ್ನು ಗ್ರಾಮದ ಮುಖಂಡರೂ ಹಿಡುವಳಿದಾರರೂ ವಿಚಾರಿಸಿ ನೋಡುವುದು ಯುಕ್ತವಾಗಿದೆ. ಏತಕ್ಕೆಂದರೆ, ಔಷಧವನ್ನು ಹಾರಿಕೊಂಡೇ ಸಿಂಪಡಿಸುವ ಡ್ರೋನ್ ಮೊದಲಾದ ಹೊಸ ಸಾಧನಗಳು ಈಗಾಗಲೇ ಊರ ಬಾಗಿಲಿಗೆ ಬಂದು ನಿಂತಿವೆ. ಅವುಗಳನ್ನು ಒಳಕ್ಕೆ ಕರೆಯಬೇಕೋ ಬೇಡವೋ, ಕರೆದರೆ ಎಲ್ಲಿ ಕೂರಿಸಬೇಕು ಎಂಬ ಪ್ರಶ್ನೆಯು ಮೊದಲು ಬರುವುದು ಇವರ ಬಳಿಗೇ.

ಕಬ್ಬಿಣದ ನೇಗಿಲಿನ ಸಂಗತಿ

ಹೊಸದೊಂದು ವಸ್ತುವನ್ನು ರೈತರು ಬೇಗನೆ ಕೈಗೊಳ್ಳದಿದ್ದರೆ ಅದಕ್ಕೆ ಅವರ ಅಜ್ಞಾನವೇ ಕಾರಣವೆಂದು ಹೇಳಿಬಿಡುವುದು ಪಟ್ಟಣದವರ ವಾಡಿಕೆ. ಕಬ್ಬಿಣದ ನೇಗಿಲಿನ ಚರಿತ್ರೆಯನ್ನು ಇದಕ್ಕೆ ನಿದರ್ಶನವಾಗಿ ಎತ್ತಿ ಹೇಳುವುದುಂಟು. ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ೧೯೦೩ರಲ್ಲಿ ತಮ್ಮ ಮೊದಲನೆಯ ಕಬ್ಬಿಣದ ನೇಗಿಲನ್ನು ತಯಾರಿಸಿದಾಗ, ಕಬ್ಬಿಣವು ಸೋಕಿದರೆ ಭೂಮಿಗೆ ವಿಷವೇರುವುದೆಂದು ರೈತರು ಹೆದರಿದರು. ಮೊದಮೊದಲ ನೇಗಿಲುಗಳು ಮಾರಾಟವಾಗುವುದಕ್ಕೆ ಎರಡು ವರ್ಷ ಹಿಡಿಯಿತು. ಇದು ನಮ್ಮ ದೇಶದವರಿಗೆ ಮಾತ್ರ ಬಂದ ಭಯವಲ್ಲ. ಅಮೆರಿಕದಲ್ಲಿ ಚಾರ್ಲ್ಸ್ ನ್ಯೂಬೋಲ್ಡ್ ಎಂಬಾತನು ೧೭೯೭ರಲ್ಲಿ ಎರಕದ ಕಬ್ಬಿಣದ ನೇಗಿಲಿಗೆ ಹಕ್ಕುಪತ್ರ ಪಡೆದಾಗ ಅಲ್ಲಿನ ಬೇಸಾಯಗಾರರೂ ಇದೇ ಮಾತನ್ನು ಆಡಿದ್ದರು.

ಆದರೆ ವಿಚಾರ ಮಾಡತಕ್ಕ ಒಂದು ಅಂಶವುಂಟು. ಮರದ ನೇಗಿಲಿಗೂ ತುದಿಯಲ್ಲಿ ಕಬ್ಬಿಣದ ಗುಳವು ಇದ್ದೇ ಇತ್ತು. ತಲತಲಾಂತರದಿಂದ ಆ ಗುಳವು ಭೂಮಿಯನ್ನು ಸೋಕುತ್ತಲೇ ಬಂದಿತ್ತು. ಯಾವ ಹೊಲವೂ ವಿಷವಾಗಲಿಲ್ಲ. ಆದುದರಿಂದ ಬಾಯಲ್ಲಿ ಹೇಳಿದ ಕಾರಣ ಒಂದು, ಮನಸ್ಸಿನಲ್ಲಿದ್ದ ಕಾರಣ ಮತ್ತೊಂದು ಎಂದು ಊಹಿಸುವುದಕ್ಕೆ ಆಸ್ಪದವಿದೆ. ಮರದ ನೇಗಿಲನ್ನು ಊರಿನ ಬಡಗಿಯು ಮಾಡಿಕೊಡುತ್ತಿದ್ದನು, ಗುಳವನ್ನು ಊರಿನ ಕಮ್ಮಾರನು ಹಣಿದುಕೊಡುತ್ತಿದ್ದನು. ಇಬ್ಬರಿಗೂ ರೊಕ್ಕ ಕೊಡಬೇಕಾಗಿರಲಿಲ್ಲ. ಸುಗ್ಗಿಯಲ್ಲಿ ಕಣದಲ್ಲಿ ಆಯವನ್ನು ಅಳೆದುಕೊಟ್ಟರೆ ವರ್ಷದ ಲೆಕ್ಕ ತೀರುತ್ತಿತ್ತು. ಹದ ಮಳೆ ಬಂದ ದಿನ ನೇಗಿಲು ಮುರಿದರೆ ಸಂಜೆಯೊಳಗೆ ಸರಿಯಾಗುತ್ತಿತ್ತು. ಕಬ್ಬಿಣದ ನೇಗಿಲಿಗಾದರೋ ಕೈಯಲ್ಲಿ ನಗದು ಬೇಕು. ಒಂದು ಭಾಗ ಒಡೆದರೆ ದೂರದ ಪೇಟೆಯಿಂದ ತರಿಸಬೇಕು. ಅಷ್ಟರಲ್ಲಿ ಬಿತ್ತನೆಯ ಹದ ಆರಿಹೋಗುವುದು. ಇಂಥ ಸ್ಥಿತಿಯಲ್ಲಿ ಆ ನೇಗಿಲನ್ನು ಕೊಳ್ಳದವನು ಮೂಢನಲ್ಲ, ಲೆಕ್ಕ ಬಲ್ಲವನು. ಬಿಡಿಭಾಗಗಳು ಸಮೀಪದಲ್ಲಿಯೇ ದೊರೆಯುವಂತಾಗಿ, ಸಹಕಾರ ಸಂಘಗಳಲ್ಲಿ ಸಾಲವು ಹುಟ್ಟುವಂತಾದ ಮೇಲೆ ವಿಷದ ಮಾತು ತಾನಾಗಿಯೇ ಅಡಗಿತು. ಅದನ್ನು ಯಾರೂ ವಾದಮಾಡಿ ಗೆಲ್ಲಬೇಕಾಗಲಿಲ್ಲ. ಅದರೊಡನೆಯೇ ಬಡಗಿಯ ಆಯವೂ ಅಡಗಿತೆಂಬುದನ್ನು ಮಾತ್ರ ಅಷ್ಟಾಗಿ ಯಾರೂ ಗಮನಿಸಲಿಲ್ಲ.

ಬೀಜವು ಕಾದು ಕುಳಿತದ್ದು

ಮೆಕ್ಕೆಜೋಳದ ವಿಷಯವೂ ಇದೇ ರೀತಿಯದು. ಇದು ಅಮೆರಿಕ ಖಂಡದ ಧಾನ್ಯ. ಗಿಡದ ತುದಿಯಲ್ಲಿ ಬರುವ ಸೂಲಂಗಿಯು ಗಂಡು ಹೂ. ನಡುವಿನ ತೆನೆಯಿಂದ ಇಳಿಬೀಳುವ ರೇಷ್ಮೆಯಂಥ ಕೂದಲು ಹೆಣ್ಣು ಹೂವಿನ ಭಾಗ. ಗಂಡು ಹೆಣ್ಣುಗಳು ಹೀಗೆ ಬೇರೆಬೇರೆಯಾಗಿರುವುದರಿಂದ, ಒಂದು ತಳಿಯ ಗಿಡಗಳ ಸೂಲಂಗಿಯನ್ನು ಪರಾಗ ಉದುರುವುದಕ್ಕೆ ಮುಂಚೆಯೇ ಕಿತ್ತುಹಾಕಿ, ಪಕ್ಕದ ಸಾಲಿನ ಬೇರೆ ತಳಿಯ ಪರಾಗವು ಅವುಗಳ ಮೇಲೆ ಬೀಳುವಂತೆ ಮಾಡಿದರೆ ಸಂಕರಣ ಬೀಜವು, ಎಂದರೆ ಹೈಬ್ರಿಡ್ ಬೀಜವು, ಸಿದ್ಧವಾಗುತ್ತದೆ. ಇದರಿಂದ ಬಂದ ಪೈರು ತಂದೆ ತಾಯಿ ತಳಿಗಳೆರಡನ್ನೂ ಮೀರಿಸಿ ಬೆಳೆಯುತ್ತದೆ. ಆದರೆ ಆ ಪೈರಿನ ಕಾಳನ್ನೇ ಮುಂದಿನ ವರ್ಷ ಬೀಜಕ್ಕೆ ಉಪಯೋಗಿಸಿದರೆ ಗಿಡಗಳು ಒಂದು ಎತ್ತರ ಒಂದು ಗಿಡ್ಡವಾಗಿ, ಇಳುವರಿಯು ತಗ್ಗುತ್ತದೆ. ಆದಕಾರಣ ವರ್ಷವರ್ಷವೂ ಹೊಸ ಬೀಜವನ್ನು ಕೊಳ್ಳಲೇಬೇಕು.

ಭಾರತದಲ್ಲಿ ಮೆಕ್ಕೆಜೋಳದ ಅಖಿಲ ಭಾರತ ಸಂಶೋಧನಾ ಯೋಜನೆಯು ೧೯೫೭ರಲ್ಲಿ ಆರಂಭವಾಗಿ, ೧೯೬೧ರಲ್ಲಿ ಗಂಗಾ, ರಂಜಿತ್, ಡೆಕ್ಕನ್ ಮೊದಲಾದ ಹೆಸರಿನ ಮೊದಲನೆಯ ಹೈಬ್ರಿಡ್‌ಗಳು ಹೊರಬಿದ್ದವು. ಬೀಜದ ಗುಣವೊಂದೇ ಸಾಕಾಗಿದ್ದಲ್ಲಿ ಅದಾದ ನಾಲ್ಕೈದು ವರ್ಷಗಳಲ್ಲಿಯೇ ಈ ಸೀಮೆಯು ಮೆಕ್ಕೆಜೋಳದ ಸೀಮೆಯಾಗಬೇಕಾಗಿತ್ತು. ಹಾಗಾಗಲಿಲ್ಲ. ಖುಷ್ಕಿ ಹೊಲಗಳನ್ನು ಇದು ಆವರಿಸಿದ್ದು ಮುಖ್ಯವಾಗಿ ೧೯೯೦ರಿಂದೀಚೆಗೆ. ನಡುವಣ ಸುಮಾರು ಮೂವತ್ತು ವರ್ಷ ಬೀಜವು ಊರಿನ ಹೊರಗೆ ಕಾದು ಕುಳಿತಿತ್ತೆಂದೇ ಹೇಳಬಹುದು. ಅಷ್ಟರಲ್ಲಿ ಬದಲಾದದ್ದು ಊರು.

ಬದಲಾದದ್ದೇನೆಂದರೆ, ಮೊದಲನೆಯದಾಗಿ ಕೋಳಿ ಸಾಕಣೆಯು ದೊಡ್ಡ ಉದ್ಯಮವಾಗಿ ಬೆಳೆದು ಕೋಳಿಯ ಆಹಾರಕ್ಕೂ, ಪಿಷ್ಟದ ಕಾರ್ಖಾನೆಗಳಿಗೂ ಮೆಕ್ಕೆಜೋಳವು ಬೇಕಾಯಿತು. ದಾವಣಗೆರೆಯ ಮಾರುಕಟ್ಟೆಯು ಅದನ್ನು ಕೊಳ್ಳುವ ದೊಡ್ಡ ಪೇಟೆಯಾಯಿತು. ಹತ್ತಿಗೆ ಕಾಯಿಕೊರಕದ ಕಾಟ ಹೆಚ್ಚಿತು. ಅದೇ ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಇವೆಲ್ಲವೂ ಅನೇಕರಿಗೆ ತಿಳಿದ ಸಂಗತಿಗಳು. ಅಷ್ಟಾಗಿ ಯಾರೂ ಹೇಳದಿರುವ ಕಾರಣವೊಂದುಂಟು. ಅದು ಹಕ್ಕಿಗಳಿಗೂ ಶಾಲೆಗೂ ಸಂಬಂಧಪಟ್ಟದ್ದು.

ಬಿಳಿಜೋಳದ ತೆನೆಯು ಬರಿಮೈಯದು. ಹಾಲುಗಾಳು ಕಟ್ಟಿದ ದಿನದಿಂದ ಕೊಯ್ಲಿನವರೆಗೂ ಹೊಲದಲ್ಲಿ ಅಟ್ಟಣೆ ಹಾಕಿ, ಕವಣೆ ಹಿಡಿದು, ಮುಂಜಾನೆ ಸಂಜೆಗಳಲ್ಲಿ ಹಕ್ಕಿ ಕಾಯಲೇಬೇಕು. ಈ ಕೆಲಸಕ್ಕೆ ಮನೆಯ ಮಕ್ಕಳಿದ್ದರು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಕಾಯುವವರಿಲ್ಲವಾಯಿತು. ಕೂಲಿ ಕೊಟ್ಟು ಕಾಯಿಸಿದರೆ ಹುಟ್ಟುವಳಿಯು ಅದಕ್ಕೇ ಸರಿಹೋಗುವುದು. ಮೆಕ್ಕೆಜೋಳದ ತೆನೆಗೆ ದೇವರೇ ಮುಸುಕು ಹಾಕಿ ಕಳುಹಿಸಿದ್ದಾನೆ. ಹಕ್ಕಿಯ ಬಾಧೆ ಅಲ್ಪ. ಬಿಳಿಜೋಳವು ಬಲಿತ ಸಮಯದಲ್ಲಿ ಮಳೆ ಹಿಡಿದರೆ ಕಾಳು ಕಪ್ಪಾಗಿ ಬೆಲೆ ಕೆಡುತ್ತದೆ. ಮೆಕ್ಕೆಜೋಳವನ್ನು ಆಳು ಸಿಕ್ಕುವವರೆಗೆ ಕೆಲವು ದಿನ ಗಿಡದಲ್ಲಿಯೇ ಬಿಟ್ಟಿರಬಹುದು. ಹೀಗೆ ಹಳ್ಳಿಯ ಶಾಲೆಯೂ, ಕೂಲಿಯ ದರವೂ, ದೂರದ ಕೋಳಿ ಫಾರಮುಗಳೂ ಕೂಡಿ ಈ ಬೀಜಕ್ಕೆ ಹೊಲದ ಒಡ್ಡನ್ನು ತೆರೆದುಕೊಟ್ಟವು.

ಒಳಕ್ಕೆ ಬಂದ ಮೇಲೆ

ಬಂದ ಅತಿಥಿಯು ಮನೆಯ ಕ್ರಮವನ್ನು ಬದಲಾಯಿಸದೆ ಬಿಡಲಿಲ್ಲ. ಹಿಂದೆ ಬೀಜದ ತೆನೆಯನ್ನು ಆರಿಸುವುದು, ಅದನ್ನು ಒಲೆಯ ಹೊಗೆ ತಾಗುವಂತೆ ತೂಗುಹಾಕುವುದು, ಬೂದಿಯನ್ನೂ ಬೇವಿನ ಸೊಪ್ಪನ್ನೂ ಬೆರೆಸಿ ಗಡಿಗೆಯಲ್ಲಿ ಕಟ್ಟಿಡುವುದು, ಬಿತ್ತನೆಗೆ ಮುಂಚೆ ಹಿಡಿ ಕಾಳನ್ನು ಮೊಳಕೆಗೆ ಹಾಕಿ ನೋಡುವುದು, ಇವೆಲ್ಲವೂ ಮನೆಯ ಹೆಣ್ಣುಮಕ್ಕಳ ವಿದ್ಯೆಯಾಗಿದ್ದವು. ಅತ್ತೆಯಿಂದ ಸೊಸೆಗೆ ಬರುತ್ತಿದ್ದ ಈ ವಿದ್ಯೆಗೆ ಪುಸ್ತಕವಿರಲಿಲ್ಲ. ಪೊಟ್ಟಣದ ಬೀಜವು ಬಂದ ಮೇಲೆ ಅದಕ್ಕೆ ಕೆಲಸವಿಲ್ಲವಾಯಿತು. ಕೆಲಸವಿಲ್ಲದ ವಿದ್ಯೆಯು ಒಂದು ತಲೆಮಾರು ದಾಟುವುದು ಕಷ್ಟ. ನೆರೆಮನೆಯಿಂದ ಬೀಜವನ್ನು ಕಡ ತಂದು ಸುಗ್ಗಿಯಲ್ಲಿ ಹೆಚ್ಚಾಗಿ ಹಿಂದಿರುಗಿಸುವ ಪದ್ಧತಿಯೂ ನಿಂತಿತು. ಆ ಸ್ಥಳಕ್ಕೆ ಪೇಟೆಯ ಅಂಗಡಿಯು ಬಂದಿತು. ಬೀಜ, ಗೊಬ್ಬರ, ಔಷಧ, ಸಾಲ ಇವುಗಳೊಡನೆ ಬುದ್ಧಿವಾದವೂ ಅದೇ ಅಂಗಡಿಯಲ್ಲಿ ದೊರೆಯುತ್ತದೆ. ಬುದ್ಧಿ ಹೇಳುವವನೂ ಮಾರುವವನೂ ಒಬ್ಬನೇ ಆಗಿರುವಲ್ಲಿ, ಆತನು ಎಷ್ಟು ಒಳ್ಳೆಯವನಾಗಿದ್ದರೂ, ಕೇಳುವವನು ಇನ್ನೊಬ್ಬರನ್ನೂ ಕೇಳುವುದು ಮೇಲು.

ಬಿಳಿಜೋಳದ ಹೊಲದಲ್ಲಿ ಕೆಲವು ಸಾಲುಗಳಿಗೊಮ್ಮೆ ತೊಗರಿ, ಅವರೆಗಳ ಅಕ್ಕಡಿ ಸಾಲು ಇರುತ್ತಿತ್ತು. ಮನೆಯ ಬೇಳೆಯು ಅದರಿಂದ ಹುಟ್ಟುತ್ತಿತ್ತು; ನೆಲಕ್ಕೂ ಸಾರ ಸೇರುತ್ತಿತ್ತು. ಈಗ ಮೆಕ್ಕೆಜೋಳಕ್ಕೆ ಹಾಕುವ ಅಟ್ರಜಿನ್ ಎಂಬ ಕಳೆನಾಶಕವು ಅಗಲ ಎಲೆಯ ಕಳೆಗಳೊಡನೆ ತೊಗರಿಯನ್ನೂ ಅವರೆಯನ್ನೂ ಬಿಡುವುದಿಲ್ಲ. ಆದ್ದರಿಂದ ಅಕ್ಕಡಿಯು ಹೋಯಿತು; ಎಡೆಕುಂಟೆಯ ಕೆಲಸ ತಗ್ಗಿತು; ಕುಂಟೆ ಎಳೆಯುವ ಎತ್ತಿನ ಜೋಡಿಯು ಮನೆಗೆ ಭಾರವಾಗಿ ಕಂಡಿತು. ಜೋಳದ ಸೊಪ್ಪೆಯನ್ನು ದನಗಳು ತಿನ್ನುವಷ್ಟು ಆಸೆಯಿಂದ ಮೆಕ್ಕೆಜೋಳದ ಒಣದಂಟನ್ನು ತಿನ್ನುವುದಿಲ್ಲ. ದನ ಕಡಮೆಯಾದರೆ ತಿಪ್ಪೆಯೂ ಕಡಮೆ. ತಿಪ್ಪೆ ಕಡಮೆಯಾದಷ್ಟೂ ಮೂಟೆ ಗೊಬ್ಬರ ಹೆಚ್ಚು. ಒಂದು ಹಿಡಿ ಬೀಜವನ್ನು ಬದಲಾಯಿಸಿದವರು ಕೊಟ್ಟಿಗೆಯನ್ನು ಬದಲಾಯಿಸಬೇಕೆಂದು ಎಣಿಸಿರಲಿಲ್ಲ.

ಕಣವೂ ಹೋಯಿತು. ಈಗ ತೆನೆ ಬಿಡಿಸುವ ಯಂತ್ರವು ಟ್ರಾಕ್ಟರಿಗೆ ಕಟ್ಟಿಕೊಂಡು ಹೊಲಕ್ಕೇ ಬರುತ್ತದೆ. ಕಾಳನ್ನು ಡಾಂಬರು ರಸ್ತೆಯ ಒಂದು ಪಕ್ಕದಲ್ಲಿ ಹರಡುತ್ತಾರೆ. ನೂರಕ್ಕೆ ೧೪ರಷ್ಟಕ್ಕಿಂತ ಹೆಚ್ಚು ತೇವವಿದ್ದರೆ ಕಾಳಿಗೆ ಬೂಷ್ಟು ಹಿಡಿಯುವ ಭಯವಿರುವುದರಿಂದ ಒಣಗಿಸುವುದು ಅವಶ್ಯ; ಆದರೆ ರಾತ್ರಿಯ ಕಾಲದಲ್ಲಿ ರಸ್ತೆಯ ಮೇಲಿನ ಕಾಳಿನ ರಾಶಿಯೂ ಅದರ ಸುತ್ತ ಇಟ್ಟ ಕಲ್ಲುಗಳೂ ಗಾಡಿಯವರ ಪ್ರಾಣಕ್ಕೆ ಅಪಾಯಕರ. ಊರಿಗೊಂದು ಒಕ್ಕಣೆ ಅಂಗಳವನ್ನು ಮಾಡಿಸಿಕೊಳ್ಳುವುದು ಪಂಚಾಯಿತಿಯಿಂದ ಆಗಬಹುದಾದ ಕೆಲಸ. ಕಣವು ಬರೇ ಒಕ್ಕುವ ಸ್ಥಳವಾಗಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಯಾರ ರಾಶಿ ಎಷ್ಟಾಯಿತು, ಯಾವ ಹೊಲದ ಕಾಳು ಹೇಗಿದೆ, ಏತಕ್ಕೆ ಹಾಗಾಯಿತು ಎಂಬುದು ಅಲ್ಲಿ ನಾಲ್ವರ ಮುಂದೆ ಬಯಲಾಗುತ್ತಿತ್ತು. ಅದು ಊರಿನ ಬೇಸಾಯದ ಪಾಠಶಾಲೆಯಾಗಿತ್ತು.

ಯಾರಿಂದ ಕಲಿಯುವರು

ಜನರು ಹೊಸ ಬೇಸಾಯವನ್ನು ಹೇಗೆ ಕಲಿಯುತ್ತಾರೆಂಬುದರ ವಿಷಯದಲ್ಲಿ ಪ್ರಸಿದ್ಧವಾದ ಒಂದು ವಿಚಾರಣೆಯು ನಡೆದದ್ದೂ ಹೈಬ್ರಿಡ್ ಮೆಕ್ಕೆಜೋಳದ ಮೇಲೆಯೇ. ಅಮೆರಿಕದ ಅಯೋವ ಪ್ರಾಂತ್ಯದ ಎರಡು ಗ್ರಾಮ ಸಮುದಾಯಗಳಲ್ಲಿ ರಯನ್, ಗ್ರಾಸ್ ಎಂಬ ಇಬ್ಬರು ವಿದ್ವಾಂಸರು ೨೫೯ ಮಂದಿ ರೈತರನ್ನು ವಿಚಾರಿಸಿ ೧೯೪೩ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ೧೯೪೧ರ ಹೊತ್ತಿಗೆ ಇವರಲ್ಲಿ ಇಬ್ಬರ ವಿನಾ ಎಲ್ಲರೂ ಹೊಸ ಬೀಜವನ್ನು ಹಿಡಿದಿದ್ದರು. ಆದರೆ ಮೊದಲು ಕಿವಿಗೆ ಬಿದ್ದ ದಿನಕ್ಕೂ ಬಿತ್ತಲು ಮನಸ್ಸು ಮಾಡಿದ ದಿನಕ್ಕೂ ನಡುವೆ ಸರಾಸರಿ ಸುಮಾರು ೯ ವರ್ಷಗಳು ಕಳೆದಿದ್ದವು. ಬೀಜದ ಸುದ್ದಿಯನ್ನು ಮೊದಲು ತಂದವರಲ್ಲಿ ಮುಖ್ಯರು ಬೀಜದ ಮಾರಾಟಗಾರರು. ನಂಬಿಕೆಯನ್ನು ಹುಟ್ಟಿಸಿದವರು ನೆರೆಹೊರೆಯವರು. ಮೊದಲು ಹಿಡಿದವರೂ ಒಂದೇ ಸಲ ಹೊಲವೆಲ್ಲವನ್ನೂ ಅದಕ್ಕೆ ಒಪ್ಪಿಸಲಿಲ್ಲ; ಒಂದು ಮೂಲೆಯಲ್ಲಿ ಬಿತ್ತಿ, ನೋಡಿ, ಆಮೇಲೆ ಹೆಚ್ಚಿಸಿದರು. ಓದು ಬರಹ ಬಲ್ಲ, ಅನುಕೂಲಸ್ಥರಾದ ಆ ದೇಶದ ರೈತರಿಗೂ ಇಷ್ಟು ಕಾಲ ಬೇಕಾಗಿದ್ದ ಮೇಲೆ ನಮ್ಮವರನ್ನು ನಿಧಾನಗಾರರೆಂದು ದೂರುವುದು ನ್ಯಾಯವಲ್ಲ.

ಆದರೆ ಒಂಬತ್ತು ವರ್ಷ ಕಾಯುವುದಕ್ಕೆ ಆಸ್ಪದವೇ ಇಲ್ಲದ ಪಾಠವೊಂದು ೨೦೧೮ರಲ್ಲಿ ಈ ಸೀಮೆಗೆ ಬಂದಿತು. ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳುವು ೨೦೧೬ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡು, ೨೦೧೮ರಲ್ಲಿ ಭಾರತಕ್ಕೆ ಬಂದಿತು. ಅದನ್ನು ಭಾರತದಲ್ಲಿ ಮೊಟ್ಟಮೊದಲು ಗುರುತಿಸಿದ್ದು ಹೊನ್ನಾಳಿ, ನ್ಯಾಮತಿಗಳ ನೆರೆಯ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ, ಅಲ್ಲಿನ ಕೃಷಿ ಕಾಲೇಜಿನ ವಿಜ್ಞಾನಿಗಳಿಂದ. ಹುಳುವಿನ ತಲೆಯ ಮೇಲೆ ತಲೆಕೆಳಗಾಗಿ ಹಿಡಿದ ಕವೆಗೋಲಿನಂಥ ಬಿಳಿಯ ಗೆರೆಯೂ, ಬಾಲದ ಸಮೀಪದಲ್ಲಿ ಚೌಕವಾಗಿ ಇಟ್ಟಂತೆ ನಾಲ್ಕು ಕಪ್ಪು ಚುಕ್ಕೆಗಳೂ ಇರುತ್ತವೆ. ಇದು ಸುಳಿಯೊಳಗೆ ಸೇರಿ ತನ್ನ ಲದ್ದಿಯಿಂದಲೇ ಬಾಯಿ ಮುಚ್ಚಿಕೊಂಡು ಕುಳಿತುಬಿಡುವುದು. ರೂಢಿಯಂತೆ ಎಲೆಗಳ ಮೇಲೆ ಔಷಧ ಸಿಂಪಡಿಸಿ ಹೋದವರಿಗೆ ಹಣ ಹೋಯಿತು, ಹುಳು ಹೋಗಲಿಲ್ಲ.

ಕಲಿಯಬೇಕಾಗಿದ್ದದ್ದು ಔಷಧದ ಹೆಸರನ್ನಲ್ಲ, ಹುಳುವಿನ ನಡತೆಯನ್ನು. ಬಿತ್ತಿದ ಕೆಲವು ದಿನಗಳಿಂದಲೇ ಮುಂಜಾನೆ ಹೊಲದಲ್ಲಿ ಅಡ್ಡಾಡಿ ಮೊಟ್ಟೆಯ ಗುಂಪುಗಳನ್ನು ಹೊಸಕಿಹಾಕುವುದು, ಸಿಂಪಡಿಸುವಾಗ ಕೊಳವೆಯ ಬಾಯನ್ನು ನೇರವಾಗಿ ಸುಳಿಗೆ ಹಿಡಿಯುವುದು, ಹುಳು ದೊಡ್ಡದಾಗಿದ್ದರೆ ವಿಷಪಾಷಾಣವನ್ನು ಸುಳಿಯಲ್ಲಿ ಉದುರಿಸುವುದು, ಇವು ಗುಣ ಕೊಟ್ಟವು. ೧೦ ಕಿಲೋ ಅಕ್ಕಿ ತೌಡಿಗೆ ೨ ಕಿಲೋ ಬೆಲ್ಲವನ್ನು ೨ರಿಂದ ೩ ಲೀಟರ್ ನೀರಿನಲ್ಲಿ ಕರಗಿಸಿ ಬೆರೆಸಿ, ೨೪ ಗಂಟೆ ಹುಳಿಯಲು ಬಿಟ್ಟು, ಹೊಲಕ್ಕೆ ಹಾಕುವುದಕ್ಕೆ ಅರ್ಧ ಗಂಟೆ ಮುಂಚೆ ರೈತ ಸಂಪರ್ಕ ಕೇಂದ್ರದವರು ಹೇಳುವ ಕೀಟನಾಶಕವನ್ನು ಅವರು ಹೇಳಿದ ಪ್ರಮಾಣದಲ್ಲಿ ಕಲಸುವುದೇ ಈ ಪಾಷಾಣ. ಇದನ್ನು ದನಕರುಗಳಿಗೂ ಮಕ್ಕಳಿಗೂ ಎಟುಕದಂತೆ ಇಡಬೇಕು; ಇದನ್ನು ಹಾಕಿದ ಗಿಡವನ್ನು ಹಸಿಮೇವಿಗೆ ಕೊಯ್ಯಕೂಡದು. ತೌಡು ಬೆಲ್ಲದ ಪಾಷಾಣವು ಹಳೆಯ ಉಪಾಯ. ಬೇರೆ ಬೆಳೆಗಳ ಹುಳುಗಳಿಗೆ ಅದನ್ನು ಉಪಯೋಗಿಸಿ ಬಲ್ಲ ಹಿರಿಯರಿಗೆ ಇದು ಹೊಸದಾಗಿ ತೋರಲಿಲ್ಲ. ಹೊಸ ಬೀಜಕ್ಕೆ ಬಂದ ಹೊಸ ರೋಗಕ್ಕೆ ಹಳೆಯ ಅಡಿಗೆಮನೆಯ ಸಾಮಗ್ರಿಯೇ ಬೇಕಾಯಿತು.

ಇನ್ನೂ ಒಂದು ಸಂಗತಿಯು ಆಗ ಗೊತ್ತಾಯಿತು. ಒಬ್ಬನು ಮೃಗಶಿರೆಗೂ ಮತ್ತೊಬ್ಬನು ಪುನರ್ವಸುವಿಗೂ ಬಿತ್ತಿದರೆ ಹುಳುವಿಗೆ ಒಂದು ಹೊಲ ಬಲಿಯುವ ಹೊತ್ತಿಗೆ ಇನ್ನೊಂದು ಎಳೆಯ ಹೊಲವು ಸಿದ್ಧವಾಗಿರುತ್ತದೆ. ಸುತ್ತಿನ ಹೊಲಗಳವರೆಲ್ಲ ಒಂದೇ ಹದದಲ್ಲಿ ಬಿತ್ತುವುದು ಔಷಧಕ್ಕಿಂತ ಅಗ್ಗವಾದ ಉಪಾಯ. ಇದು ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ. ಸೂಳೆಕೆರೆಯ ನಾಲೆಯ ನೀರನ್ನು ಸರದಿಯಿಂದ ಹಂಚಿಕೊಂಡು ಬಾಳಿದ ಚನ್ನಗಿರಿಯ ಊರುಗಳಿಗೆ ಇಂಥ ಕಟ್ಟುಪಾಡು ತಿಳಿಯದ ವಿಷಯವೇನೂ ಅಲ್ಲ. ಖುಷ್ಕಿಯಲ್ಲಿ ಅದರ ಅಗತ್ಯವು ಹಿಂದೆ ಅಷ್ಟಾಗಿ ಬಿದ್ದಿರಲಿಲ್ಲ, ಅಷ್ಟೆ.

ನೆರೆಯ ಹೊಲವು ಗುರುವೆಂಬುದು ನಿಜವಾದರೂ, ನೆಲವೂ ಕೈಯೂ ಸಮವಾಗಿರುವಲ್ಲಿ ಮಾತ್ರ ಆ ಗುರುವಿನ ಮಾತು ಸಲ್ಲುತ್ತದೆ. ನ್ಯಾಮತಿಯ ಹೊಲದಲ್ಲಿ ಬಂದ ಇಳುವರಿಯನ್ನು ಕಂಡು ಜಗಳೂರಿನ ತೆಳುಮಣ್ಣಿನಲ್ಲಿ ಅದೇ ಬೀಜವನ್ನು ಅಷ್ಟೇ ಗೊಬ್ಬರ ಹಾಕಿ ಬಿತ್ತಿದವನು ಮೋಸಹೋಗಬಹುದು. ಮೆಕ್ಕೆಜೋಳಕ್ಕೆ ಸೂಲಂಗಿ ಹಾಗೂ ಕೂದಲು ಹೊರಡುವ ಎರಡು ವಾರ ಮಳೆ ತಪ್ಪಿದರೆ ತೆನೆಯಲ್ಲಿ ಕಾಳು ಕೂರುವುದಿಲ್ಲ. ಆಮೇಲೆ ಎಷ್ಟು ಮಳೆ ಬಂದರೂ ದಂಟು ಮಾತ್ರ. ಬಿಳಿಜೋಳವೂ ನವಣೆಯೂ ಬರವನ್ನು ಸ್ವಲ್ಪ ತಡೆದುಕೊಂಡು ಕಾಯಬಲ್ಲವು. ೨೦೨೩ರಲ್ಲಿ ರಾಜ್ಯದ ೨೩೬ ತಾಲ್ಲೂಕುಗಳ ಪೈಕಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಯಿತು. ಅಂಥ ವರ್ಷ ಬೀಜ ಗೊಬ್ಬರಗಳ 'ಉದ್ರಿ'ಯನ್ನು ಹೊತ್ತವನಿಗೂ ಮನೆಯ ಬೀಜ ಬಿತ್ತಿದವನಿಗೂ ಬೆಳೆ ಒಂದೇ ರೀತಿ ಹೋದರೂ, ಒಬ್ಬನಿಗೆ ಹೋದದ್ದು ಬೆಳೆ, ಇನ್ನೊಬ್ಬನಿಗೆ ಬೆಳೆಯೂ ಸಾಲವೂ.

ಮೆಕ್ಕೆಜೋಳವು ಸರಿಹೋಗದಿದ್ದರೆ ಮುಂದಿನ ಮುಂಗಾರಿಗೆ ರಾಗಿ ಬಿತ್ತಬಹುದು. ಚನ್ನಗಿರಿಯಲ್ಲಿ ಕೊಳವೆಬಾವಿಯ ನೀರನ್ನು ನಂಬಿ ಅಡಿಕೆ ಹಾಕಿದವರಿಗೆ ಅಷ್ಟು ಸ್ವಾತಂತ್ರ್ಯವಿಲ್ಲ. ಫಲಕ್ಕೆ ಬರಲು ಐದಾರು ವರ್ಷ ಬೇಕಾಗುವ ತೋಟವನ್ನು ಒಂದು ಬೇಸಗೆಯಲ್ಲಿ ಒಣಗಲು ಬಿಡುವುದು ಯಾರಿಂದಲೂ ಆಗದು. ಬಾವಿಯನ್ನು ಇನ್ನೂ ಆಳಕ್ಕೆ ಕೊರೆಯಿಸುವರು, ಟ್ಯಾಂಕರಿನಲ್ಲಿ ನೀರು ತರಿಸುವರು. ಜಗಳೂರಿನ ೫೭ ಕೆರೆಗಳಿಗೆ ತುಂಗಭದ್ರೆಯ ನೀರನ್ನು ಎತ್ತಿ ತುಂಬಿಸುವ ಯೋಜನೆಯ ಸಂಬಂಧದಲ್ಲಿ ಈ ವಿಷಯವನ್ನು ಅಲ್ಲಿನ ಮುಖಂಡರು ನೆನಪಿನಲ್ಲಿಡತಕ್ಕದ್ದು. ಕೆರೆಯ ನೀರು ಬಾವಿಗಳಿಗೆ ಇಳಿದ ಮೇಲೆ ಯಾರು ಏನು ಬೆಳೆಯಬೇಕೆಂದು ಮಾತನಾಡುವುದಕ್ಕಿಂತ ಮುಂಚೆಯೇ ಮಾತನಾಡುವುದು ಸುಲಭ.

ಕಣವಿಲ್ಲದ ಈ ಕಾಲದಲ್ಲಿ ಅದರ ಕೆಲಸವನ್ನು ಸ್ವಲ್ಪಮಟ್ಟಿಗಾದರೂ ಮಾಡಬಲ್ಲದ್ದು ಹಿಡುವಳಿದಾರರ ಹೊಲದ ಒಂದು ಮೂಲೆ. ಹೊಸ ಬೀಜವಾಗಲಿ ಉಪಕರಣವಾಗಲಿ ಬಂದಾಗ ಅನುಕೂಲಸ್ಥರು ದಾರಿಯ ಪಕ್ಕದ ೫ ಗುಂಟೆಯಲ್ಲಿ ಅದನ್ನೂ, ಅದರ ಪಕ್ಕದ ೫ ಗುಂಟೆಯಲ್ಲಿ ಊರಿನ ರೂಢಿಯದನ್ನೂ ಒಂದೇ ದಿನ ಬಿತ್ತಿಸಿ, ಬೀಜದ ಹೆಸರು, ಬಿತ್ತಿದ ತಾರೀಖು, ಹಾಕಿದ ಗೊಬ್ಬರ, ಆದ ವೆಚ್ಚ ಇವನ್ನು ಹಲಗೆಯ ಮೇಲೆ ಬರೆಯಿಸಿ ನೆಡಿಸಬಹುದು. ಸಲಹೆಗೆ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯ ಕೃಷಿ ಸಂಶೋಧನಾ ಕೇಂದ್ರವೂ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರವೂ ಇವೆ. ಪ್ರಯೋಗದ ನಷ್ಟವು ಹೊಲದ ಒಡೆಯನದಾಗಿರತಕ್ಕದ್ದು. ಕೋರಿಗೆ ಮಾಡುವವನ ಪಾಲಿನಲ್ಲಿ ಅದನ್ನು ಮುರಿಯಕೂಡದು, ಏತಕ್ಕೆಂದರೆ ಒಂದು ವರ್ಷದ ಸೋಲನ್ನು ತಡೆಯುವ ಶಕ್ತಿಯು ಅವನಿಗಿಲ್ಲ. ಗೆದ್ದ ಬೆಳೆಯನ್ನು ತೋರಿಸುವುದಕ್ಕೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸೋತ ತಾಕನ್ನು ಮಾತ್ರ ಮರ್ಯಾದೆಗೆ ಅಂಜಿ ಬೇಗನೆ ಹರಗಿಸಿಬಿಡುವುದುಂಟು. ಅದನ್ನೂ ಹಲಗೆಯ ಸಮೇತ ಕೊಯ್ಲಿನವರೆಗೆ ಹಾಗೆಯೇ ನಿಲ್ಲಿಸಿ, ಸಂತೆಯ ದಿನ ಆ ದಾರಿಯಲ್ಲಿ ಹೋಗುವವರಿಗೆ ನೋಡುವ ಅವಕಾಶ ಕೊಡಬೇಕು.